ಸೂರ್ಯೋದಯಕ್ಕೆ ಎಷ್ಟು ಗಂಟೆಗೆ ಹೊರಡಬೇಕು?

ಸೂರ್ಯೋದಯದ ಚಾರಣ ಎಂದ ಕೂಡಲೇ ಎಲ್ಲರೂ ಕೇಳುವುದು ಯಾವ ಬೆಟ್ಟ ಎಂದು. ನಾನು ಮೊದಲು ಕೇಳುವುದು ಯಾವ ತಿಂಗಳು ಎಂದು. ತಿಂಗಳು ಗೊತ್ತಾದರೆ ಸೂರ್ಯ ಹುಟ್ಟುವ ಹೊತ್ತು ತಿಳಿಯುತ್ತದೆ, ದಿಕ್ಕು ತಿಳಿಯುತ್ತದೆ, ಮಂಜಿನ ಸ್ವಭಾವವೂ ತಿಳಿಯುತ್ತದೆ. ಬೆಟ್ಟವನ್ನು ಆಮೇಲೆ ಆರಿಸಿದರೂ ನಡೆಯುತ್ತದೆ.

ಹಾಸನದಲ್ಲಿ ಹುಟ್ಟಿ ಬೆಳೆದವರಿಗೆ ಈ ಮಾತು ವಿಚಿತ್ರವಾಗಿ ಕೇಳಿಸಬಹುದು. ನಾವಿರುವುದು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕೆ. ಇಲ್ಲಿ ಸೂರ್ಯ ಅತಿ ಬೇಗ ಹುಟ್ಟುವುದು ಮೇ ಕೊನೆ, ಜೂನ್ ಮೊದಲ ವಾರದಲ್ಲಿ, ಆರು ಗಂಟೆಗೆ ಕೆಲವೇ ನಿಮಿಷ ಮೊದಲು. ಅತಿ ತಡವಾಗಿ ಹುಟ್ಟುವುದು ಜನವರಿ ಕೊನೆಯಲ್ಲಿ, ಏಳಕ್ಕೆ ಏಳೆಂಟು ನಿಮಿಷ ಇರುವಾಗ. ಇಡೀ ವರ್ಷದ ಏರುಪೇರು ಒಂದು ಗಂಟೆಯೊಳಗೆ ಮುಗಿದುಹೋಗುತ್ತದೆ. ಹಾಗಾಗಿ ನಮ್ಮ ಬಾಯಲ್ಲಿ 'ಬೆಳಗ್ಗೆ ಆರು' ಎಂದರೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹೊತ್ತು. ಗೋಡೆಯ ಕ್ಯಾಲೆಂಡರು ನೋಡುವ ಅಭ್ಯಾಸವಿದ್ದವರು ಒಂದನ್ನು ಗಮನಿಸಿ. ಅದರಲ್ಲಿ ಬೆಂಗಳೂರಿನ ಸೂರ್ಯೋದಯ ಅಚ್ಚಾಗಿದ್ದರೆ ಹಾಸನಕ್ಕೆ ಸುಮಾರು ಆರು ನಿಮಿಷ ಸೇರಿಸಬೇಕು. ನಾವು ಬೆಂಗಳೂರಿಗಿಂತ ಒಂದೂವರೆ ಡಿಗ್ರಿ ಪಶ್ಚಿಮಕ್ಕಿದ್ದೇವೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು.

ಈಗ ಅಮೆರಿಕದ ಈಶಾನ್ಯ ಮೂಲೆಗೆ ಹೋಗೋಣ. ಅಲ್ಲಿ ಮೇನ್ ಎಂಬ ರಾಜ್ಯ, ಅದರ ಕರಾವಳಿಯಲ್ಲಿ ಮೌಂಟ್ ಡೆಸರ್ಟ್ ಎಂಬ ದ್ವೀಪ, ಆ ದ್ವೀಪದ ದೊಡ್ಡ ಭಾಗವನ್ನು ಆವರಿಸಿಕೊಂಡು ಅಕೇಡಿಯಾ ರಾಷ್ಟ್ರೀಯ ಉದ್ಯಾನ. 44 ಡಿಗ್ರಿ ಉತ್ತರ ಅಕ್ಷಾಂಶ. ಜೂನ್ ಮೂರನೇ ವಾರದಲ್ಲಿ ಅಲ್ಲಿ ಸೂರ್ಯ ಬೆಳಗಿನ ಜಾವ 4.50ರ ಸುಮಾರಿಗೆ ಮೇಲೆ ಬಂದಾಗಿರುತ್ತದೆ. ಅದೂ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಟ್ಟಿರುವ ಬೇಸಿಗೆಯ ಲೆಕ್ಕದಲ್ಲಿ. ಡಿಸೆಂಬರ್ ಕೊನೆಯಲ್ಲಿ ಏಳು ಗಂಟೆ ದಾಟುತ್ತದೆ. ಗಡಿಯಾರದ ಆಟವನ್ನು ಪಕ್ಕಕ್ಕಿಟ್ಟರೆ ಮೂರು ಗಂಟೆಗೂ ಮೀರಿದ ವ್ಯತ್ಯಾಸ. ಅಲ್ಲಿ 'ಬೆಳಗ್ಗೆ ಬೇಗ ಏಳೋಣ' ಎಂದರೆ ಏನೂ ಹೇಳಿದಂತಾಗುವುದಿಲ್ಲ.

ಹಾಸನದಲ್ಲಿ ಕುಳಿತು ಮೇನ್ ರಾಜ್ಯದ ಮಾತೇಕೆ ಎಂದು ಕೆಲವರಿಗಾದರೂ ಅನ್ನಿಸುತ್ತಿರಬಹುದು. ಈ ಸಭೆಯಲ್ಲಿ ಎರಡು ಬಗೆಯ ಜನ ಇದ್ದೀರಿ. ಶನಿವಾರ ಬಂದರೆ ಸಕಲೇಶಪುರದ ಕಡೆ ಬೈಕು ತಿರುಗಿಸುವ ಯುವಕ ಯುವತಿಯರು ಒಂದು ಕಡೆ. ಮಗಳ ಬಾಣಂತನಕ್ಕೋ ಮೊಮ್ಮಗುವನ್ನು ನೋಡಿಕೊಳ್ಳುವುದಕ್ಕೋ ಆರು ತಿಂಗಳು ಅಮೆರಿಕಕ್ಕೆ ಹೋಗಿ ಬರುವ ನನ್ನ ವಯಸ್ಸಿನವರು ಇನ್ನೊಂದು ಕಡೆ. ಬಾಸ್ಟನ್ ಸುತ್ತಮುತ್ತ ಮಕ್ಕಳಿರುವವರಿಗೆ ಅಕೇಡಿಯಾ ಸುಮಾರು 450 ಕಿಲೋಮೀಟರ್, ಕಾರಿನಲ್ಲಿ ಐದು ಗಂಟೆಯ ದಾರಿ. ನಯಾಗರಾ ತೋರಿಸಿಕೊಂಡು ಬಂದ ಮೇಲೆ ಮಕ್ಕಳಿಗೂ ಮುಂದೆ ಎಲ್ಲಿಗೆ ಕರೆದುಕೊಂಡು ಹೋಗುವುದು ಎಂದು ತೋಚುವುದಿಲ್ಲ. ನೀವೇ ಹೇಳಿ ನೋಡಿ. ಯುವಕರಿಗೂ ಇಲ್ಲಿ ಕೆಲಸಕ್ಕೆ ಬರುವುದುಂಟು. ಲೆಕ್ಕ ಹಾಕುವ ಕ್ರಮ ಎಲ್ಲ ಬೆಟ್ಟಕ್ಕೂ ಒಂದೇ.

ಆ ಲೆಕ್ಕವನ್ನು ತುದಿಯಿಂದ ಹಿಂದಕ್ಕೆ ಹಾಕಬೇಕು. ತುದಿ ಎಂದರೆ ಸೂರ್ಯ ಕಾಣುವ ಕ್ಷಣ ಎಂದು ಹೆಚ್ಚಿನವರು ಭಾವಿಸುತ್ತಾರೆ. ಆ ಕ್ಷಣಕ್ಕೆ ಸರಿಯಾಗಿ ಏದುಸಿರು ಬಿಡುತ್ತಾ ಶಿಖರ ಮುಟ್ಟಿದವನು ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡಿರುತ್ತಾನೆ. ಬಣ್ಣಗಳೆಲ್ಲ ಸೂರ್ಯ ಬರುವ ಮೊದಲೇ. ಸೂರ್ಯ ದಿಗಂತಕ್ಕಿಂತ ಆರು ಡಿಗ್ರಿ ಕೆಳಗಿದ್ದಾಗಲೇ ಟಾರ್ಚ್ ಇಲ್ಲದೆ ಕಾಲ ಬಳಿಯ ಕಲ್ಲು ಕಾಣುವಷ್ಟು ಬೆಳಕಾಗುತ್ತದೆ. ಆ ಆರು ಡಿಗ್ರಿಯನ್ನು ಹತ್ತಿ ಬರಲು ಸೂರ್ಯನಿಗೆ ನಮ್ಮೂರಿನಲ್ಲಿ ಇಪ್ಪತ್ತೊಂದು, ಇಪ್ಪತ್ತೆರಡು ನಿಮಿಷ ಸಾಕು. ನಮ್ಮಲ್ಲಿ ಅದು ಹೆಚ್ಚುಕಡಿಮೆ ನೇರವಾಗಿ ಮೇಲಕ್ಕೆ ಏಳುತ್ತದೆ. 44 ಡಿಗ್ರಿಯಲ್ಲಿ ಓರೆಯಾಗಿ, ದಿಗಂತವನ್ನು ಸವರಿಕೊಂಡು ಬರುತ್ತದೆ. ಸೆಪ್ಟೆಂಬರ್‌ನಲ್ಲಿ ಅರ್ಧ ಗಂಟೆ, ಜೂನ್‌ನಲ್ಲಿ ಮೂವತ್ತೈದು ನಿಮಿಷ ಹಿಡಿಯುತ್ತದೆ. ಅದಕ್ಕೂ ಮೊದಲು, ಪೂರ್ವದಲ್ಲಿ ಮಸುಕು ಕೆಂಪು ಗೆರೆ ಎಳೆಯುವುದಕ್ಕೆ ಶುರುವಾಗುವುದು ಇನ್ನೂ ಮುಂಚೆ. ಮಲೆನಾಡಿನ ನಸುಕು ಅವಸರದ್ದು. ಅಲ್ಲಿಯದು ನಿಧಾನದ ರಾಗ. ಕ್ಯಾಮೆರಾ ಹಿಡಿಯುವವರಿಗೆ ಅದೇ ಲಾಭ.

ಅಕೇಡಿಯಾದ ಕ್ಯಾಡಿಲಾಕ್ ಎಂಬ ಬೆಟ್ಟದ ಒಂದು ಉದಾಹರಣೆ ಬಿಡಿಸೋಣ. ಕಾಗದ ತಂದವರು ಬರೆದುಕೊಳ್ಳಬಹುದು. ಅಕ್ಟೋಬರ್ 10 ಎಂದು ಇಟ್ಟುಕೊಳ್ಳಿ, ಎಲೆಗಳು ಕೆಂಪಾಗಿರುವ ಕಾಲ. ಸೂರ್ಯೋದಯ ಸುಮಾರು 6.40ಕ್ಕೆ. ಕಾಲ ಕೆಳಗಿನ ಕಲ್ಲು ಕಾಣುವ ಬೆಳಕು 6.10ಕ್ಕೆ. ಶಿಖರದಲ್ಲಿ ಗಾಳಿ ತಾಗದ ಒಂದು ಬಂಡೆಯ ಮರೆ ಹುಡುಕಿ, ಬೆವರಿದ ಅಂಗಿ ಬದಲಿಸಿ ಕುಳಿತುಕೊಳ್ಳಲು ಹತ್ತು ನಿಮಿಷ. ಅಂದರೆ ಆರು ಗಂಟೆಗೆ ನೀವು ಮೇಲಿರಬೇಕು. ಈಗ ನಡಿಗೆ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಒಂದು ಸೂತ್ರ ಕೊಟ್ಟ. ಇಂದಿನ ಅಳತೆಗೆ ಹೊಂದಿಸಿ ಹೇಳುವುದಾದರೆ, ಸಮತಟ್ಟಿನಲ್ಲಿ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕ್ಯಾಡಿಲಾಕ್ ಬೆಟ್ಟದ ಉತ್ತರ ದಿಣ್ಣೆಯ ದಾರಿ ಒಂದು ಕಡೆಗೆ ಮೂರೂವರೆ ಕಿಲೋಮೀಟರ್, ಏರು ಸುಮಾರು 340 ಮೀಟರ್. ಸೂತ್ರದ ಪ್ರಕಾರ ಒಂದೂಕಾಲು ಗಂಟೆ. ಆದರೆ ಆ ಸೂತ್ರ ಹಗಲಿನಲ್ಲಿ ನಡೆಯುವ ಗಟ್ಟಿ ಕಾಲಿನವರಿಗೆ. ಕತ್ತಲೆ, ಗೊತ್ತಿಲ್ಲದ ದಾರಿ, ಅರವತ್ತು ದಾಟಿದ ಮಂಡಿ, ಇವಕ್ಕೆಲ್ಲ ಅರ್ಧದಷ್ಟು ಸೇರಿಸಿ. ಎರಡು ಗಂಟೆಗೆ ಹತ್ತಿರವಾಯಿತು. ನಾಲ್ಕಕ್ಕೆ ನಡಿಗೆ ಶುರು. ಬಾರ್ ಹಾರ್ಬರ್ ಪಟ್ಟಣದಲ್ಲಿ ತಂಗಿದ್ದರೆ ಕಾರಿನ ದಾರಿ ಹತ್ತು ನಿಮಿಷ. ಮೂರು ಗಂಟೆಗೆ ಎದ್ದರೆ ಕಾಫಿ ಕುಡಿದು ಹೊರಡಬಹುದು. ಇದೇ ಚಾರಣವನ್ನು ಜೂನ್‌ನಲ್ಲಿ ಇಟ್ಟುಕೊಂಡರೆ ಒಂದು ಗಂಟೆಗೆ ಏಳಬೇಕು. ಅದಕ್ಕೆ ಎದ್ದೇಳುವುದು ಎನ್ನುವುದಕ್ಕಿಂತ ಮಲಗದೆ ಇರುವುದು ಎನ್ನುವುದೇ ಸರಿ.

ಕ್ಯಾಡಿಲಾಕ್ ಬೆಟ್ಟ 466 ಮೀಟರ್ ಎತ್ತರ. 1,930 ಮೀಟರಿನ ಮುಳ್ಳಯ್ಯನಗಿರಿಯನ್ನು ಕಂಡವರು ಇದೇನು ಮಹಾ ಎಂದು ನಗಬಹುದು. ಆದರೆ ಇದು ಎದ್ದಿರುವುದು ಸಮುದ್ರದ ಪಕ್ಕದಿಂದ. ಅಮೆರಿಕದ ಅಟ್ಲಾಂಟಿಕ್ ಕರಾವಳಿಯಲ್ಲಿ ಇಷ್ಟು ಎತ್ತರದ ಜಾಗ ಬೇರೆ ಇಲ್ಲ. ಶಿಖರದವರೆಗೆ ಟಾರು ರಸ್ತೆಯಿದೆ, 1931ರಲ್ಲಿ ಮುಗಿದದ್ದು. ಅಮೆರಿಕದಲ್ಲಿ ಮೊದಲ ಸೂರ್ಯಕಿರಣ ಬೀಳುವುದು ಇಲ್ಲಿ ಎಂಬ ಖ್ಯಾತಿಯೇ ಜನಸಂದಣಿಗೆ ಕಾರಣ. ಆ ಖ್ಯಾತಿ ವರ್ಷದಲ್ಲಿ ಸುಮಾರು ಐದು ತಿಂಗಳ ಮಟ್ಟಿಗೆ ನಿಜ. ಅಕ್ಟೋಬರ್ ಮೊದಲ ವಾರದಿಂದ ಮಾರ್ಚ್ ಮೊದಲ ವಾರದವರೆಗೆ ಮಾತ್ರ. ಬೇಸಿಗೆಯಲ್ಲಿ ಆ ಗೌರವ ಅದೇ ರಾಜ್ಯದ ಉತ್ತರದಲ್ಲಿರುವ ಮಾರ್ಸ್ ಹಿಲ್ ಎಂಬ ಬೆಟ್ಟದ್ದು. ಹಗಲು ರಾತ್ರಿ ಸಮನಾಗುವ ವಿಷುವದ ಆಸುಪಾಸಿನಲ್ಲಿ ಪೂರ್ವ ತುದಿಯ ವೆಸ್ಟ್ ಕ್ವಾಡಿ ಹೆಡ್ ಎಂಬ ದೀಪಸ್ತಂಭದ ಜಾಗದ್ದು. ಜುಲೈನಲ್ಲಿ ಕ್ಯಾಡಿಲಾಕ್ ತುದಿಯಲ್ಲಿ ಕಂಬಳಿ ಹೊದ್ದು ನಿಂತು 'ದೇಶದಲ್ಲೇ ನಾವು ಮೊದಲು' ಎಂದು ಸಂಭ್ರಮಿಸುವವರಿಗೆ ಯಾರೂ ಇದನ್ನು ಹೇಳುವುದಿಲ್ಲ. ನಾನೂ ಹೇಳಲಿಲ್ಲ, ಆ ಹೊತ್ತಿನಲ್ಲಿ ಭೂಗೋಳದ ಪಾಠ ಯಾರಿಗೆ ಬೇಕು?

ದಿಕ್ಕಿನ ಮಾತು ಹೇಳಿದೆನಲ್ಲ, ಅದನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಹಾಸನದಲ್ಲಿ ಜೂನ್ ಸೂರ್ಯ ನೇರ ಪೂರ್ವದಿಂದ 24 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುತ್ತದೆ. ಅಕೇಡಿಯಾದಲ್ಲಿ 34 ಡಿಗ್ರಿ. ಅಂದರೆ ಬೇಸಿಗೆಯಲ್ಲಿ ಕ್ಯಾಡಿಲಾಕ್‌ನಿಂದ ನೋಡಿದರೆ ಸೂರ್ಯ ಕೊಲ್ಲಿಯ ಆಚೆಗಿನ ನೆಲದ ಗುಡ್ಡಗಳ ಮೇಲಿಂದ ಬರುತ್ತದೆ. ಸಮುದ್ರದಿಂದಲೇ ಮೇಲೇಳುವ ಸೂರ್ಯ ಬೇಕು ಎಂದರೆ ಅದು ಆಗ್ನೇಯಕ್ಕೆ ಸರಿಯುವ ಅಕ್ಟೋಬರ್ ಕೊನೆಯ ನಂತರದ ದಿನಗಳನ್ನು ಆರಿಸಬೇಕು. ಎತ್ತರಕ್ಕೆ ಹೋದಷ್ಟೂ ದಿಗಂತ ಕೆಳಗಿಳಿಯುವುದರಿಂದ ಶಿಖರದಲ್ಲಿದ್ದವರಿಗೆ ದಡದಲ್ಲಿದ್ದವರಿಗಿಂತ ಮೂರ್ನಾಲ್ಕು ನಿಮಿಷ ಮೊದಲೇ ಸೂರ್ಯ ಸಿಗುತ್ತದೆ. ಮುಳ್ಳಯ್ಯನಗಿರಿಯಿಂದ ಬಯಲುಸೀಮೆಯ ಕಡೆ ನೋಡುವಾಗಲೂ ಇದೇ ನಾಲ್ಕು ನಿಮಿಷದ ಲಾಭ. ಮೊಬೈಲಿನಲ್ಲಿ ತೋರಿಸುವ ಹೊತ್ತಿಗಿಂತ ಸೂರ್ಯ ಬೇಗ ಬಂತಲ್ಲ ಎಂದು ಗಾಬರಿಯಾಗುವ ಅಗತ್ಯವಿಲ್ಲ.

ಈಗ ಚೀಟಿಯ ವಿಷಯ. 2021ರಿಂದ ಕ್ಯಾಡಿಲಾಕ್ ಶಿಖರದ ರಸ್ತೆಗೆ ಕಾರು ಹತ್ತಿಸಬೇಕಾದರೆ ಮೇ ಕೊನೆಯಿಂದ ಅಕ್ಟೋಬರ್ ಕೊನೆಯವರೆಗೆ ಮುಂಗಡ ನೋಂದಣಿ ಬೇಕು. ಕಾರಿಗೆ ಆರು ಡಾಲರ್. ಇದು ಉದ್ಯಾನದ ಪ್ರವೇಶ ಶುಲ್ಕದ ಮೇಲೆ ಬೇರೆ. ಸೂರ್ಯೋದಯದ ಸರದಿ ಬೇರೆ, ಹಗಲಿನ ಸರದಿ ಬೇರೆ. ಶೇಕಡಾ 30ರಷ್ಟು ಚೀಟಿಗಳನ್ನು 90 ದಿನ ಮೊದಲು ಬಿಡುತ್ತಾರೆ. ಉಳಿದ 70 ಭಾಗವನ್ನು ಎರಡು ದಿನ ಮೊದಲು, ಅಲ್ಲಿನ ಬೆಳಗ್ಗೆ ಹತ್ತು ಗಂಟೆಗೆ. ಈ ಎರಡನೆಯದೇ ನನಗೆ ಮೆಚ್ಚು. ಮೂರು ತಿಂಗಳು ಮೊದಲು ಮೋಡದ ಭವಿಷ್ಯ ಯಾರಿಗೆ ಗೊತ್ತು? ಎರಡು ದಿನ ಮೊದಲಾದರೆ ಹವಾಮಾನ ವರದಿ ನೋಡಿ ತೀರ್ಮಾನಿಸಬಹುದು. ಚೀಟಿ ತೆಗೆಯುವ ಕೆಲಸ ಮಕ್ಕಳಿಗೆ ಬಿಡಿ. ಆದರೆ 2026ರಿಂದ ಅಮೆರಿಕದ ನಿವಾಸಿಗಳಲ್ಲದವರಿಗೆ ಅಕೇಡಿಯಾ ಸೇರಿದಂತೆ ಕೆಲವು ಉದ್ಯಾನಗಳಲ್ಲಿ ತಲೆಗೆ ನೂರು ಡಾಲರ್ ಹೆಚ್ಚುವರಿ ಶುಲ್ಕ ಬಂದಿದೆ ಎಂಬುದನ್ನು ಅವರಿಗೆ ನೆನಪಿಸಿ. ಸಂದರ್ಶಕರ ವೀಸಾದಲ್ಲಿ ಹೋಗುವ ಅಪ್ಪ ಅಮ್ಮಂದಿರಿಗೆ ಇದು ಸಣ್ಣ ಮೊತ್ತವಲ್ಲ. ಪಾಸುಗಳ ನಿಯಮ ಏನು, ಯಾರಿಗೆ ಹೇಗೆ ಅನ್ವಯಿಸುತ್ತದೆ ಎಂದು ಉದ್ಯಾನದ ಜಾಲತಾಣದಲ್ಲಿ ನೋಡಿಕೊಂಡೇ ಹೊರಡಿ.

ಶಿಖರದ ಚೀಟಿ ಸಿಗದಿದ್ದರೆ ಬೇಸರ ಬೇಡ. ಅದು ಕಾರಿಗೆ ಬೇಕಾದದ್ದು, ಕಾಲಿಗಲ್ಲ. ನಡೆದು ಹತ್ತುವವರಿಗೆ, ಸೈಕಲ್ ತುಳಿಯುವವರಿಗೆ ಶಿಖರದ ನೋಂದಣಿ ಕೇಳುವುದಿಲ್ಲ. ಉದ್ಯಾನ ಹಗಲಿರುಳು ತೆರೆದಿರುತ್ತದೆ.

ಈ ಕೊನೆಯ ಮಾತನ್ನು ಕೇಳಿ ಯುವಕರ ಕಣ್ಣು ಅರಳಿತು, ನೋಡಿದೆ. ದಯವಿಟ್ಟು ಅದನ್ನು ನಮ್ಮ ಕಾಡಿಗೆ ಹೊಂದಿಸಬೇಡಿ. ನಮ್ಮ ಪಕ್ಕದ ಕುದುರೆಮುಖವೂ ರಾಷ್ಟ್ರೀಯ ಉದ್ಯಾನವೇ, 1987ರಲ್ಲಿ ಘೋಷಣೆಯಾದದ್ದು, 600 ಚದರ ಕಿಲೋಮೀಟರ್. ಅದರ ಪಶ್ಚಿಮದ ಅಂಚಿನಲ್ಲಿ ನಿಂತರೆ ಕರಾವಳಿ ಕಾಲಡಿಗೆ ಕಾಣುತ್ತದೆ. ಆದರೂ ಶಿಖರದ ಸೂರ್ಯೋದಯ ಅಲ್ಲಿ ಇಲ್ಲ. ಅರಣ್ಯ ಇಲಾಖೆಯ ಅನುಮತಿ ಪಡೆದು ಬೆಳಕು ಹರಿದ ಮೇಲೆ ಹತ್ತಬೇಕು, ಸಂಜೆಯೊಳಗೆ ಇಳಿಯಬೇಕು, ಮೇಲೆ ರಾತ್ರಿ ತಂಗುವಂತಿಲ್ಲ. ಇದನ್ನು ಕಿರಿಕಿರಿ ಎಂದುಕೊಳ್ಳುವವರಿದ್ದಾರೆ. 2024ರ ಜನವರಿಯಲ್ಲಿ ಕುಮಾರ ಪರ್ವತದ ಬುಡದಲ್ಲಿ ಸೇರಿದ ಜನಜಂಗುಳಿಯ ಚಿತ್ರಗಳನ್ನು ನೀವೆಲ್ಲ ನೋಡಿದ್ದೀರಿ. ಅದಾದ ಮೇಲೆಯೇ ಚಾರಣಕ್ಕೆ ಆನ್‌ಲೈನ್ ನೋಂದಣಿಯ ಬಿಗಿ ಬಂತು. ಮುಳ್ಳಯ್ಯನಗಿರಿಯ ಕಡೆಗೂ 2025ರಲ್ಲಿ ದಿನಕ್ಕೆ ಇಷ್ಟೇ ವಾಹನ ಎಂಬ ಮಿತಿ ಮತ್ತು ಮುಂಗಡ ನೋಂದಣಿ ಬಂದಿದೆ. ಬೆಳಗಿನ ಸರದಿ ಆರಕ್ಕೆ ಆರಂಭ. ಜನವರಿಯಲ್ಲಾದರೆ ಸೂರ್ಯ ಹುಟ್ಟಲು ಆಗ ಇನ್ನೂ ಮುಕ್ಕಾಲು ಗಂಟೆಗೂ ಹೆಚ್ಚಿರುತ್ತದೆ, ಹೋಗಬಹುದು. ಮೇ ತಿಂಗಳಲ್ಲಾದರೆ ಗೇಟಿನ ಬಳಿಯೇ ಬೆಳಗಾಗಿರುತ್ತದೆ. ತಿಂಗಳು ಮೊದಲು, ಬೆಟ್ಟ ಆಮೇಲೆ ಎಂದು ನಾನು ಹೇಳುವುದು ಇದಕ್ಕೇ.

ಅಕೇಡಿಯಾಕ್ಕೂ ನಮಗೂ ಇನ್ನೊಂದು ದೊಡ್ಡ ಅಂತರವಿದೆ. ಆನೆ. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳಲ್ಲಿ ತೋಟದ ದಾರಿಯನ್ನು ಬೆಳಗಿನ ಜಾವ ನಾಲ್ಕಕ್ಕೆ ಟಾರ್ಚ್ ಹಿಡಿದು ನಡೆಯುವುದು ಸಾಹಸವಲ್ಲ, ತಿಳಿಗೇಡಿತನ. ಕೂಲಿಗೆ ಹೋಗುವ ಹೆಣ್ಣುಮಕ್ಕಳೇ ಬೆಳಕಾದ ಮೇಲೆ ಆನೆ ಎಲ್ಲಿದೆ ಎಂದು ಕೇಳಿಕೊಂಡು ಹೊರಡುವ ಊರುಗಳಿವೆ. ಪೇಟೆಯವರು ಚಿತ್ರ ತೆಗೆಯಲು ಅದೇ ದಾರಿಯಲ್ಲಿ ಕತ್ತಲಲ್ಲಿ ಹೋಗುತ್ತಾರೆ. ನಮ್ಮ ಜಿಲ್ಲೆಯಲ್ಲಿ ಸೂರ್ಯೋದಯ ನೋಡಲು ಕತ್ತಲ ನಡಿಗೆಯೇ ಬೇಕಿಲ್ಲದ ಜಾಗಗಳನ್ನು ಆರಿಸಿಕೊಳ್ಳಿ. ವಾಹನ ಹೋಗುವ ತಿರುವು, ಊರ ನಡುವಿನ ಗುಡ್ಡ, ತಂಗಿದ ಮನೆಯ ಅಂಗಳ. ಮಂಡಿ ಗಟ್ಟಿ ಮಾಡಿಕೊಳ್ಳಲು ಅರಸೀಕೆರೆ ಬಳಿಯ ಮಾಲೇಕಲ್ಲು ತಿರುಪತಿಯ ಮೆಟ್ಟಿಲುಗಳಿವೆ. ಬೇಸಿಗೆಗೆ ಅಮೆರಿಕಕ್ಕೆ ಹೊರಡುವವರು ಎರಡು ತಿಂಗಳು ಮೊದಲಿನಿಂದ ಅಲ್ಲಿ ಹತ್ತಿ ಇಳಿದು ನೋಡಿ. ಹತ್ತುವುದಕ್ಕಿಂತ ಇಳಿಯುವುದನ್ನು ಗಮನಿಸಿ.

ಅಕೇಡಿಯಾದ ದಾರಿಗಳು ಬಹುತೇಕ ಬಂಡೆಯ ಮೇಲೆ. ಗುಲಾಬಿ ಛಾಯೆಯ ಗ್ರಾನೈಟ್. ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಬರಿಗಾಲಲ್ಲಿ ಹತ್ತಿದವರಿಗೆ ಗ್ರಾನೈಟಿನ ಗುಣ ಗೊತ್ತು. ಒಣಗಿದ್ದರೆ ಕಾಲನ್ನು ಹಿಡಿದುಕೊಳ್ಳುತ್ತದೆ, ಒದ್ದೆಯಾದರೆ ಕೈಬಿಡುತ್ತದೆ. ಕಲ್ಲುಹೂವು ಬೆಳೆದು ಇಬ್ಬನಿ ಬಿದ್ದಿದ್ದರಂತೂ ಹೇಳುವುದೇ ಬೇಡ. ತೆರೆದ ಬಂಡೆಯ ಮೇಲೆ ಸವೆದ ಕಾಲುದಾರಿ ಕಾಣುವುದಿಲ್ಲವಾದ್ದರಿಂದ ಅಲ್ಲಲ್ಲಿ ನೀಲಿ ಬಣ್ಣದ ಪಟ್ಟಿ ಬಳಿದಿರುತ್ತಾರೆ. ಅದರ ಜೊತೆಗೆ ಕಲ್ಲಿನ ಗುರುತುಗಳಿವೆ. ಎರಡು ಕಲ್ಲು ನಿಲ್ಲಿಸಿ, ಮೇಲೊಂದು ಚಪ್ಪಡಿ ಅಡ್ಡ ಇಟ್ಟು, ಅದರ ಮೇಲೆ ದಿಕ್ಕು ತೋರುವ ಒಂದು ಚಿಕ್ಕ ಕಲ್ಲು. ನೂರು ವರ್ಷಕ್ಕೂ ಹಿಂದೆ ಅಲ್ಲಿನ ದಾರಿಗಳನ್ನು ರೂಪಿಸಿದ ವಾಲ್ಡ್ರನ್ ಬೇಟ್ಸ್ ಎಂಬಾತನ ಕಲ್ಪನೆ. ಇವನ್ನು ನೋಡಿ ನಮ್ಮದೂ ಒಂದಿರಲಿ ಎಂದು ಕಲ್ಲು ಪೇರಿಸುವ ಪ್ರವಾಸಿಗರು ಅಲ್ಲೂ ಇದ್ದಾರೆ. ಸುಳ್ಳು ಗುರುತು ಕತ್ತಲಲ್ಲಿ ಬರುವವನನ್ನು ದಾರಿ ತಪ್ಪಿಸುತ್ತದೆ. ಕೈ ಕಟ್ಟಿಕೊಂಡಿರಿ.

ದೀಪ ತಲೆಗೆ ಕಟ್ಟುವಂಥದ್ದೇ ಇರಲಿ. ಬಂಡೆಯಲ್ಲಿ ಎರಡೂ ಕೈ ಬೇಕಾಗುತ್ತವೆ. ಮೊಬೈಲಿನ ಟಾರ್ಚನ್ನು ನಂಬಬೇಡಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಆಮೇಲೆ ಫೋನೂ ಇಲ್ಲ, ದೀಪವೂ ಇಲ್ಲ. ಕೆಂಪು ಬೆಳಕಿನ ಗುಂಡಿ ಇರುವ ದೀಪವಾದರೆ ಒಳ್ಳೆಯದು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಬಿಳಿ ಬೆಳಕು ಒಮ್ಮೆ ಬಿದ್ದರೆ ಆ ಗಳಿಕೆಯೆಲ್ಲ ಹೋಯಿತು. ಹುಣ್ಣಿಮೆಯ ಹಿಂದುಮುಂದಿನ ದಿನ ಆರಿಸಿಕೊಂಡರೆ ಚಂದ್ರ ಪಶ್ಚಿಮದಲ್ಲಿ ಇಳಿಯುವವರೆಗೂ ದಾರಿ ತೋರಿಸುತ್ತಾನೆ. ಆದರೆ ನಕ್ಷತ್ರ ಕಳೆದುಕೊಳ್ಳುತ್ತೀರಿ; ಅಕೇಡಿಯಾದ ಆಕಾಶ ಅಮೆರಿಕದ ಪೂರ್ವ ಕರಾವಳಿಯಲ್ಲಿ ಉಳಿದಿರುವ ಕಡುಗಪ್ಪು ಆಕಾಶಗಳಲ್ಲೊಂದು. ಕಬ್ಬಿಣದ ಸರಳು ಹಿಡಿದು ಹತ್ತುವ ಬೀಹೈವ್, ಪ್ರೆಸಿಪಿಸ್ ದಾರಿಗಳನ್ನು ಕತ್ತಲಲ್ಲಿ ಯೋಚಿಸಲೂ ಬೇಡಿ. ಪ್ರೆಸಿಪಿಸ್ ಅಂತೂ ಪೆರಿಗ್ರಿನ್ ಡೇಗೆಗಳು ಗೂಡು ಕಟ್ಟುವುದರಿಂದ ಸಾಮಾನ್ಯವಾಗಿ ಮಾರ್ಚ್‌ನಿಂದ ಆಗಸ್ಟ್ ಮಧ್ಯದವರೆಗೆ ಮುಚ್ಚಿರುತ್ತದೆ.

ಇನ್ನು ಮಂಜು. ನಮ್ಮ ಮಂಜಿನ ಅನುಭವವನ್ನು ಅಲ್ಲಿಗೆ ಹೊತ್ತುಕೊಂಡು ಹೋದರೆ ಮೋಸಹೋಗುತ್ತೇವೆ. ಚಿಕ್ಕಮಗಳೂರಿನ ಕಣಿವೆಗಳಲ್ಲಿ ಡಿಸೆಂಬರ್ ಬೆಳಗ್ಗೆ ಕಾಣುವ ಮಂಜು ರಾತ್ರಿ ನೆಲ ಶಾಖ ಕಳೆದುಕೊಂಡು ತಣ್ಣಗಾದಾಗ ಅದರ ಮೇಲಿನ ಗಾಳಿಯಲ್ಲಿ ಹುಟ್ಟಿದ್ದು. ಆಕಾಶ ಶುಭ್ರವಾಗಿದ್ದು ಗಾಳಿ ನಿಂತಿದ್ದರೆ ಮಾತ್ರ ಅದು ಕಟ್ಟುತ್ತದೆ, ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ, ಬಿಸಿಲೇರಿದಂತೆ ಕರಗುತ್ತದೆ. ಅದಕ್ಕೇ ಊರೆಲ್ಲ ಮಂಜಿನಲ್ಲಿ ಮುಳುಗಿದ ದಿನ ಗಿರಿಯ ಮೇಲೆ ಹೋದವರಿಗೆ ಕೆಳಗೆ ಬಿಳಿಯ ಕಡಲು, ಮೇಲೆ ತಿಳಿ ಆಕಾಶ. ಮಳೆಗಾಲದ ಮಂಜು ಬೇರೆ ಜಾತಿ. ಅದು ಅರಬ್ಬಿ ಸಮುದ್ರದಿಂದ ಬಂದ ಗಾಳಿ ಘಟ್ಟ ಹತ್ತುವಾಗ ಕಟ್ಟುವ ಮೋಡವೇ. ಮೇಲೆ ಹೋದಷ್ಟೂ ದಟ್ಟ. ಜುಲೈನಲ್ಲಿ ಮುಳ್ಳಯ್ಯನಗಿರಿಗೆ ಸೂರ್ಯೋದಯ ನೋಡಲು ಹೋಗುವವರು ದೇವರ ದರ್ಶನ ಮಾಡಿಕೊಂಡು ಬರಬೇಕು, ಅಷ್ಟೇ.

ಅಕೇಡಿಯಾದ ಮಂಜು ಮೂರನೆಯ ಬಗೆ. ಮೇನ್ ಕೊಲ್ಲಿಯ ನೀರು ಬೇಸಿಗೆಯಲ್ಲೂ 13 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಉತ್ತರದಿಂದ ಹರಿದುಬರುವ ತಣ್ಣೀರು, ದೊಡ್ಡ ಉಬ್ಬರವಿಳಿತ ಕೆಳಗಿನ ನೀರನ್ನು ಕಲಕಿ ಮೇಲೆ ತರುವುದು, ಎರಡೂ ಕಾರಣ. ದಕ್ಷಿಣದಿಂದ ತೇವ ತುಂಬಿದ ಬೆಚ್ಚನೆಯ ಗಾಳಿ ಆ ನೀರಿನ ಮೇಲೆ ಬಂದಾಗ, ಕನ್ನಡಿಯ ಮೇಲೆ ಉಸಿರು ಬಿಟ್ಟಂತೆ, ಮಂಜು ಕಟ್ಟುತ್ತದೆ. ಜೂನ್, ಜುಲೈನಲ್ಲಿ ಇದು ಹೆಚ್ಚು. ಗಾಳಿ ಬೀಸುತ್ತಿದ್ದರೂ ಕದಲುವುದಿಲ್ಲ, ಸೂರ್ಯ ಬಂದರೂ ಬೇಗ ಕರಗುವುದಿಲ್ಲ, ಯಾಕೆಂದರೆ ಅದನ್ನು ಹುಟ್ಟಿಸುವ ತಣ್ಣೀರು ಅಲ್ಲೇ ಇದೆ. ಕೆಲವೊಮ್ಮೆ ಇದು ತೆಳುವಾಗಿ ದಡದಲ್ಲಷ್ಟೇ ಮಲಗಿದ್ದು ಕ್ಯಾಡಿಲಾಕ್ ಅದರ ಮೇಲೆ ತಲೆಯೆತ್ತಿ ನಿಲ್ಲುವುದೂ ಉಂಟು. ಆದರೆ ಅದನ್ನು ನಂಬಿಕೊಂಡು ಯೋಜನೆ ಹಾಕಬಾರದು. ಹಿಂದಿನ ಸಂಜೆಯ ಹವಾಮಾನ ವರದಿಯಲ್ಲಿ ಉಷ್ಣಾಂಶ ಮತ್ತು ಇಬ್ಬನಿ ಬಿಂದು (ಗಾಳಿಯ ತೇವ ಹನಿಯಾಗಿ ಕಟ್ಟಲು ಶುರುವಾಗುವ ಉಷ್ಣಾಂಶ) ಎಂಬ ಎರಡು ಅಂಕಿಗಳು ಒಂದಕ್ಕೊಂದು ಅಂಟಿಕೊಂಡಿದ್ದು, ಗಾಳಿ ಸಮುದ್ರದ ಕಡೆಯಿಂದ ಇದ್ದರೆ ಅಲಾರಂ ನಿಲ್ಲಿಸಿ ಮಲಗಿ. ಇದಕ್ಕಾಗಿಯೇ ಒಂದರ ಬದಲು ಎರಡು ಬೆಳಗುಗಳನ್ನು ಕೈಯಲ್ಲಿ ಇಟ್ಟುಕೊಂಡು ಹೋಗಬೇಕು. ಐದು ಗಂಟೆ ಕಾರಿನಲ್ಲಿ ಹೋಗಿ ಒಂದೇ ರಾತ್ರಿ ತಂಗುವುದು ನನಗಂತೂ ಒಪ್ಪಿಗೆಯಿಲ್ಲ.

ನನ್ನನ್ನು ಕೇಳಿದರೆ, ಕ್ಯಾಡಿಲಾಕ್ ಶಿಖರಕ್ಕಿಂತ ಕೆಳಗಿನ ಸಮುದ್ರ ದಡದ ದಾರಿಯೇ ಮೇಲು. ಸ್ಯಾಂಡ್ ಬೀಚ್ ಎಂಬ ಮರಳ ದಂಡೆಯಿಂದ ಆಟರ್ ಪಾಯಿಂಟ್ ತನಕ ಓಷನ್ ಪಾತ್ ಎಂಬ ಕಾಲುದಾರಿಯಿದೆ. ಮೂರೂವರೆ ಕಿಲೋಮೀಟರ್, ಹೆಚ್ಚಿನಂಶ ಸಮತಟ್ಟು. ಶಿಖರದಲ್ಲಿ ನೂರಾರು ಜನ, ಕಾರಿನ ದೀಪ, ಯಾರದೋ ಫೋನಿನ ಹಾಡು. ಇಲ್ಲಿ ಬಂಡೆಗೆ ಹೊಡೆಯುವ ನೀರಿನ ಸದ್ದು, ಆಚೆ ಈಚೆ ನಾಲ್ಕೈದು ಜನ. ಮಂಡಿನೋವಿರುವ ಅಮ್ಮಂದಿರೂ ಬರಬಹುದು, ರಸ್ತೆ ಪಕ್ಕದಲ್ಲೇ ಇದೆ. ಶಿಖರದ ಚೀಟಿಯೂ ಬೇಡ.

ಇಲ್ಲಿ ಸೂರ್ಯನ ಜೊತೆಗೆ ಸಮುದ್ರದ ವೇಳಾಪಟ್ಟಿಯನ್ನೂ ನೋಡಬೇಕು. ಮಂಗಳೂರು, ಮಲ್ಪೆಯ ದಡದಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವೆ ನೀರಿನ ಮಟ್ಟ ಒಂದೂವರೆ ಮೀಟರ್ ಆಸುಪಾಸು ಬದಲಾದರೆ ಹೆಚ್ಚು. ಬಾರ್ ಹಾರ್ಬರ್‌ನಲ್ಲಿ ಮೂರರಿಂದ ಮೂರೂವರೆ ಮೀಟರ್. ಅಮಾವಾಸ್ಯೆ ಹುಣ್ಣಿಮೆಗೆ ಇನ್ನೂ ಹೆಚ್ಚು. ಇದನ್ನು ನಮ್ಮ ಕರಾವಳಿಯ ಮೀನುಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಉಬ್ಬರದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತದೆ. ಪಟ್ಟಣದ ಎದುರಿಗೇ ಬಾರ್ ಐಲೆಂಡ್ ಎಂಬ ನಡುಗಡ್ಡೆಯಿದೆ. ಇಳಿತದಲ್ಲಿ ಸಮುದ್ರದ ತಳದ ಕಲ್ಲುಮರಳಿನ ಏರಿ ಮೇಲೆ ಬಂದು ನಡೆದು ದಾಟಬಹುದು. ಇಳಿತದ ಹೊತ್ತಿಗೆ ಒಂದೂವರೆ ಗಂಟೆ ಮೊದಲು, ಒಂದೂವರೆ ಗಂಟೆ ನಂತರ, ಅಷ್ಟೇ ಅವಧಿ. ಸೂರ್ಯೋದಯ ನೋಡುತ್ತಾ ಮೈಮರೆತರೆ ದಾರಿ ಮುಳುಗುತ್ತದೆ, ಮುಂದಿನ ಇಳಿತದವರೆಗೆ ಅಲ್ಲೇ ಕೂರಬೇಕು. ಅಲ್ಲೇ ನಿಲ್ಲಿಸಿದ ಕಾರುಗಳು ಉಪ್ಪುನೀರಿನಲ್ಲಿ ಮುಳುಗಿದ್ದೂ ಇದೆ.

ಅಲೆಯ ವಿಷಯವನ್ನು ಹಗುರವಾಗಿ ಹೇಳಲಾರೆ. 2009ರ ಆಗಸ್ಟ್‌ನಲ್ಲಿ ಬಿಲ್ ಎಂಬ ಚಂಡಮಾರುತ ದೂರದ ಸಮುದ್ರದಲ್ಲಿ ಹಾದುಹೋಗುತ್ತಿತ್ತು. ಓಷನ್ ಪಾತ್ ಮೇಲಿನ ಥಂಡರ್ ಹೋಲ್ ಎಂಬ ಬಂಡೆಯ ಸೀಳಿನ ಬಳಿ ಅಲೆ ನೋಡಲು ಜನ ಸೇರಿದ್ದರು. ದೊಡ್ಡ ಅಲೆಯೊಂದು ಬಂದು ಕೆಲವರನ್ನು ಸೆಳೆದುಕೊಂಡಿತು. ಏಳು ವರ್ಷದ ಮಗುವೊಂದು ತೀರಿಕೊಂಡಿತು. ನಸುಕಿನಲ್ಲಿ ಕಪ್ಪಗೆ, ಒದ್ದೆಯಾಗಿ ಕಾಣುವ ಬಂಡೆಯ ಭಾಗ ಎಂದರೆ ಅಲೆ ಅಲ್ಲಿಯವರೆಗೆ ಬರುತ್ತದೆ ಎಂದೇ ಅರ್ಥ. ಒಣ ಬಂಡೆಯ ಮೇಲೆ, ಅದರಲ್ಲೂ ಸಾಕಷ್ಟು ಹಿಂದೆ ಕುಳಿತುಕೊಳ್ಳಿ.

ಬಟ್ಟೆಯ ಬಗ್ಗೆ ಸಂಕ್ಷಿಪ್ತವಾಗಿ. ಇಡೀ ದಿನದಲ್ಲಿ ಅತಿ ಚಳಿಯ ಹೊತ್ತು ಸೂರ್ಯೋದಯದ ಆಸುಪಾಸೇ, ನೆಲ ರಾತ್ರಿಯಿಡೀ ಶಾಖ ಕಳೆದುಕೊಂಡಿರುತ್ತದೆ. ಅಕ್ಟೋಬರ್‌ನಲ್ಲಿ ಕ್ಯಾಡಿಲಾಕ್ ತುದಿಯಲ್ಲಿ ಶೂನ್ಯಕ್ಕೆ ಹತ್ತಿರ, ಮೇಲೆ ಗಾಳಿ. ಹತ್ತುವಾಗ ಬೆವರುತ್ತೀರಿ, ಕುಳಿತ ಐದು ನಿಮಿಷಕ್ಕೆ ಆ ಬೆವರೇ ನಡುಗಿಸುತ್ತದೆ. ಒಣ ಬನಿಯನ್ನು, ಕಿವಿ ಮುಚ್ಚುವ ಟೋಪಿ, ಕೈಗವಸು, ಗಾಳಿ ತಡೆಯುವ ಜಾಕೆಟ್. ಹೊರಡುವಾಗ ಸ್ವಲ್ಪ ಚಳಿ ಅನ್ನಿಸುವಷ್ಟೇ ಹಾಕಿಕೊಳ್ಳಿ, ಉಳಿದದ್ದು ಬೆನ್ನಿನ ಚೀಲದಲ್ಲಿರಲಿ. ಥರ್ಮಾಸಿನಲ್ಲಿ ಕಾಫಿ ಎಂದು ನಾನು ಹೇಳಬೇಕಿಲ್ಲ. ಚಪಾತಿಗೆ ಚಟ್ನಿಪುಡಿ ಸುತ್ತಿಕೊಂಡು ಹೋದರೆ ಗ್ಲೌಸು ತೆಗೆಯದೆ ತಿನ್ನಬಹುದು.

ಕೊನೆಯದಾಗಿ, ಬೆಳಕಾದ ಮೇಲಿನ ಕೆಲಸ. ಇಳಿಯುವಾಗ ದಾರಿ ಬಿಟ್ಟು ಪೊದೆಗೆ ಇಳಿಯಬೇಡಿ. ಮೇನ್‌ನ ಹುಲ್ಲು, ಪೊದೆಗಳಲ್ಲಿ ಜಿಂಕೆಯ ಉಣುಗುಗಳಿವೆ, ಲೈಮ್ ಕಾಯಿಲೆ ಹರಡುತ್ತವೆ. ನಮಗಿದು ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯೂ ಉಣುಗಿನಿಂದಲೇ, ಚಿಕ್ಕಮಗಳೂರಿನ ಮಲೆನಾಡಿನವರಿಗೆ ಬೇಸಿಗೆ ಬಂತೆಂದರೆ ಇಂದಿಗೂ ಅದರ ಭಯ. ಇಂಬಳವಾದರೆ ರಕ್ತ ಕುಡಿದು ಬಿದ್ದುಹೋಗುತ್ತದೆ, ಉಣುಗು ಹಾಗಲ್ಲ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ತಂಗುವ ಜಾಗಕ್ಕೆ ಬಂದ ಕೂಡಲೇ ಮಂಡಿಯ ಹಿಂಭಾಗ, ಕಂಕುಳು, ಕಿವಿಯ ಹಿಂದೆ, ಕೂದಲ ಬುಡ ಎಲ್ಲ ನೋಡಿಕೊಳ್ಳಿ. ಲೈಮ್ ರೋಗಾಣು ಮೈಗೆ ಸೇರಲು ಉಣುಗು ಸಾಮಾನ್ಯವಾಗಿ ಒಂದು ದಿನಕ್ಕೂ ಹೆಚ್ಚು ಕಚ್ಚಿಕೊಂಡಿರಬೇಕು, ಹಾಗಾಗಿ ಅಂದೇ ತೆಗೆದರೆ ಅಪಾಯ ಬಹಳ ಕಡಿಮೆ. ಚಿಮಟದಿಂದ ಚರ್ಮಕ್ಕೆ ಹತ್ತಿರದಲ್ಲಿ ಹಿಡಿದು ನೇರವಾಗಿ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಬೇಡ. ಕೆಂಪು ಮಚ್ಚೆ ಕಾಣಿಸಿಕೊಳ್ಳಲು ಮೂರು ದಿನದಿಂದ ಒಂದು ತಿಂಗಳವರೆಗೆ ಹಿಡಿಯಬಹುದು. ಅಷ್ಟರಲ್ಲಿ ನೀವು ಹಾಸನಕ್ಕೆ ವಾಪಸಾಗಿದ್ದರೆ, ಜ್ವರವೆಂದು ಇಲ್ಲಿನ ವೈದ್ಯರ ಬಳಿ ಹೋದಾಗ ಮೇನ್ ರಾಜ್ಯದ ಕಾಡಿನಲ್ಲಿ ನಡೆದಿದ್ದೆ ಎಂದು ನೀವೇ ಬಾಯಿಬಿಟ್ಟು ಹೇಳಬೇಕು. ಅವರು ಡೆಂಗಿ ಎಂದುಕೊಂಡು ಪರೀಕ್ಷೆ ಶುರುಮಾಡುತ್ತಾರೆ.